ನಲವತ್ತೊಂದನೆಯ ಹೆಸರು

14 ಜನವರಿ 1996

ಪ್ರೀತಿಯ ಕ್ರೇನಣ್ಣನವರಿಗೆ,

ದಿನಾ ಬೆಳಿಗ್ಗೆ ಆರೂವರೆಗೆ ರೇಡಿಯೋದಲ್ಲಿ ಸಿಗುವವಳು ಕಾಗದ ಯಾಕೆ ಬರೆದಳು ಎಂದು ನೀವು ಕನ್ನಡಕ ಹುಡುಕುತ್ತಿರುತ್ತೀರಿ. ಈ ಮಾತನ್ನು ಗಾಳಿಯಲ್ಲಿ ಆಡುವ ಹಾಗಿಲ್ಲ. ನಮ್ಮ ಫ್ರೀಕ್ವೆನ್ಸಿಯಲ್ಲಿ ಕಿವಿ ಇಟ್ಟು ಕೂತ ಹವ್ಯಾಸಿ ರೇಡಿಯೋದ ಹ್ಯಾಮ್‌ಗಳು ಎಷ್ಟು ಜನವೋ. ನಿಮ್ಮ ಮಂಡಿನೋವಿಗೆ ಔಷಧಿ ಹೇಳಲು ಮೂರು ದೇಶದವರು ನಡುವೆ ಬಾಯಿ ಹಾಕಿದ್ದು ನೆನಪಿದೆಯಲ್ಲ. ಲಕೋಟೆಗಾದರೆ ಅಂಟು ಹಾಕಬಹುದು.

ನಮ್ಮ ಇನ್‌ಸ್ಟಿಟ್ಯೂಟಿನ ಬೋರ್ಡಿನಲ್ಲಿ ‘ಟೈಪಿಂಗ್’ ಪಕ್ಕ ‘ಕಂಪ್ಯೂಟರ್’ ಎಂದು ಸೇರಿಸಬೇಕಾಗಿತ್ತು. ಕೆಳಗಿನ ಸೈಕಲ್ ಅಂಗಡಿಯವನು ಒಬ್ಬರನ್ನು ಕಳಿಸಿಕೊಟ್ಟ. ನಲವತ್ತು ದಾಟಿದವರು, ಮಾತು ಕಡಿಮೆ, ಬೀದಿಯಲ್ಲಿ ಎಲ್ಲರೂ ‘ಬಣ್ಣದವರು’ ಎಂದೇ ಕರೆಯುತ್ತಾರೆ. ಏಣಿ ಹತ್ತಿದವರು ಅಲ್ಲಿಂದಲೇ ಕೇಳಿದರು, “ಇದ್ಯಾವ ತಂತಿ ಮೇಡಂ, ಬಟ್ಟೆ ಒಣಗಿಸೋಕಾ?”

“ಅಲ್ಲಪ್ಪ, ಹ್ಯಾಮ್ ರೇಡಿಯೋದ ಆಂಟೆನಾ.”

ಕುಂಚ ಅರ್ಧಕ್ಕೇ ನಿಂತಿತು. “ಹಾಗಾದ್ರೆ ನೀವೂ ಆ ಪೈಕಿಯವರೇ” ಎಂದು ಇಳಿದು ಬಂದರು. ಆಮೇಲೆ ಹೇಳಿದರು. ಬಿರುಗಾಳಿ ಬಂದ ವರ್ಷ ಅವರು ನಿಮ್ಮ ಬಂದರಿನಲ್ಲೇ ಇದ್ದರಂತೆ, ದುರಸ್ತಿಗೆ ನಿಂತ ಹಡಗಿಗೆ ಬಣ್ಣ ಹೊಡೆಯಲು. ನಿಮ್ಮ ಜೊತೆ ಆ ಶಾಲೆಯ ಮಾಳಿಗೆಯಲ್ಲೇ ಸಿಕ್ಕಿಕೊಂಡಿದ್ದರಂತೆ. ನೀವು ಬದುಕಿದವರ ಹೆಸರುಗಳನ್ನು ರೇಡಿಯೋದಲ್ಲಿ ಕಳಿಸಿದಿರಿ, ಈ ಕಡೆ ಅದನ್ನು ಊರಲ್ಲಿ ಅಲ್ಲಲ್ಲಿ ಗೋಡೆಗೆ ಅಂಟಿಸಿದರು, ಅದರಲ್ಲಿ ಅವರ ಹೆಸರಿರಲಿಲ್ಲ. ಅವರ ತಂದೆ ರೈಲ್ವೆ ಗೇಟ್‌ಮನ್ ಆಗಿ ನಿವೃತ್ತರಾದವರು. ಮೂರು ದಿನ ಪಟ್ಟಿಯ ಮುಂದೆ ಹೋಗಿ ನಿಂತರು, ನಾಲ್ಕನೆಯ ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದರು, ಆರನೆಯ ದಿನ ತೀರಿಕೊಂಡರು. ಮಗ ಲಾರಿ ಹಿಡಿದು ಮನೆಗೆ ಬಂದದ್ದು ಹತ್ತನೆಯ ದಿನ.

“ಕಳಿಸಿದವರು ನನ್ನ ಮುಖ ನೋಡಿ ಹೇಳಿದ್ರು ಮೇಡಂ, ನಿನ್ನ ಹೆಸರೂ ಹೋಯ್ತು ಅಂತ. ಈ ಕಡೆ ತಗೊಂಡವರು ಬಿಟ್ಟಿದ್ದಾರೆ. ಯಾರೋ ಏನೋ. ಬೈದು ಏನು ಮಾಡೋದು, ಅವರಿಗೆ ಅದು ಬರೀ ಒಂದು ಹೆಸರು.”

ತಗೊಂಡವಳು ನಾನು ಎಂದು ಹೇಳಲಿಲ್ಲ. ಟೀ ಕುಡೀತೀರಾ ಎಂದು ಕೇಳಿದೆ.

ಅವರು ಹೋದ ಮೇಲೆ ಕೆಳಗಿನ ಡ್ರಾಯರಿನಿಂದ ಕಾರ್ಬನ್ ಪ್ರತಿ ತೆಗೆದೆ. ಮೊದಲ ಸಾಲಿನಲ್ಲಿ ನೀವು ಕಳಿಸಿದ ಹಾಗೆ ‘ಒಟ್ಟು 41’ ಎಂದಿದೆ. ಕೆಳಗೆ ಎಣಿಸಿದೆ. ನಲವತ್ತು. ಮತ್ತೆ ಎಣಿಸಿದೆ. ಹತ್ತು ವರ್ಷವಾಗುತ್ತ ಬಂತು, ನಾನು ಒಮ್ಮೆಯೂ ಎಣಿಸಿರಲಿಲ್ಲ. ಇಪ್ಪತ್ತೆಂಟನೆಯ ಹೆಸರಾದ ಮೇಲೆ ಟೈಪ್‌ರೈಟರಿಗೆ ಹೊಸ ಹಾಳೆ ಹಾಕಿದ್ದೆ, ಅಲ್ಲೇ ಬಿಟ್ಟಿರಬೇಕು. ನೀವು ಆಗಲೂ ನಿಧಾನವಾಗಿಯೇ ಕಳಿಸುತ್ತಿದ್ದಿರಿ, ನಿಮ್ಮ ಕಡೆ ತಪ್ಪಿರುವುದಿಲ್ಲ.

ನಿಮ್ಮ ಲಾಗ್ ಪುಸ್ತಕ ಒಮ್ಮೆ ತೆರೆದು ನೋಡುತ್ತೀರಾ? ಎಷ್ಟು ಹೆಸರು ಕಳಿಸಿದಿರಿ, ಅವರದು ಎಷ್ಟನೆಯದು, ಅಷ್ಟು ತಿಳಿದರೆ ಸಾಕು. ಕೊನೆಯಲ್ಲಿ ಬಂದ ನಿಮ್ಮ ಸಂದೇಶ ಮಾತ್ರ ಸರಿಯಾಗಿದೆ. ‘ಕಣ್ಣಾಸ್ಪತ್ರೆಯಲ್ಲಿ ತಾಯಿಯ ಜೊತೆ ಇರುವ ನನ್ನವಳಿಗೆ ಹೇಳಿ, ಕ್ಷೇಮ.’ ಹಾಳೆ ಕಿತ್ತುಕೊಂಡು ಓಡಿದ್ದೆ. ಆಸ್ಪತ್ರೆಯ ವರಾಂಡದಲ್ಲಿ ನಿಮ್ಮವರು ನನ್ನ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ನಿಮ್ಮ
ಟೈಪ್ ಟೀಚರ್


29 ಜನವರಿ 1996

ಟೀಚರಮ್ಮನಿಗೆ ನಮಸ್ಕಾರ.

ಕಾಗದ ತಲುಪಿತು. ಎರಡು ಸಲ ಓದಿದೆ. ಮನೆಯವಳು “ಯಾರದು?” ಎಂದಳು, ನಿಮ್ಮ ಹೊಸ ಬೋರ್ಡಿನ ವಿಷಯ ಹೇಳಿದೆ.

ಲಾಗ್ ಪುಸ್ತಕ ಸಿಗುವ ಹಾಗಿಲ್ಲ. ಆ ಮಳೆಗೆ ನೆನೆದು ಮುದ್ದೆಯಾಗಿತ್ತು, ಎಸೆದುಬಿಟ್ಟೆ. ಅಷ್ಟು ಹಿಂದಿನದು ಯಾರಿಗೆ ನೆನಪಿರುತ್ತದೆ. ನೀವು ಅವತ್ತು ಊಟ ತಿಂಡಿ ಬಿಟ್ಟು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತವರು. ಗದ್ದಲ ಬೇರೆ. ಹಾಳೆ ಬದಲಿಸುವಾಗ ಒಂದು ಸಾಲು ಜಾರಿದ್ದರೆ ಜಾರಿತು, ಯಾರಿಗಾದರೂ ಆಗುವುದೇ. ನಲವತ್ತು ಮನೆಗಳಿಗೆ ಸುದ್ದಿ ಮುಟ್ಟಿಸಿದವರು ನೀವು, ಅದನ್ನು ಎಣಿಸಿ. ಬಣ್ಣದವರಿಗೆ ಏನೂ ಹೇಳಲು ಹೋಗಬೇಡಿ. ಆರಿದ ಗಾಯ ಕೆರೆದರೆ ಅವರಿಗೂ ನೋವು, ನಿಮಗೂ ನೋವು.

ಮೊನ್ನೆ ಮಾಳಿಗೆಯ ಮೇಲಿನ ಕಂಬ ಬಾಗಿತ್ತು, ಹೊಸದು ನಿಲ್ಲಿಸಿದೆ. ಅರವತ್ತನಾಲ್ಕು ವರ್ಷದ ಮುದುಕ ಕಂಬ ಹತ್ತಿದ್ದನ್ನು ನೋಡಿ ಮನೆಯವಳು ಕೆಳಗಿನಿಂದ ಬೈದದ್ದು ಅಲ್ಲಿಗೂ ಕೇಳಿಸಿರಬೇಕು, ಆಂಟೆನಾ ಅಷ್ಟು ಚೆನ್ನಾಗಿ ಕೂತಿದೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಹಡಗಿನ ರೇಡಿಯೋ ಆಫೀಸರ್ ಒಬ್ಬ, ನಾನು ವಿಂಚ್ ರಿಪೇರಿ ಮಾಡುತ್ತಿದ್ದಾಗ ಬೇಸರಕ್ಕೆ ಮೋರ್ಸ್ ಕೋಡ್ ಕಲಿಸಿದ. ಅವನ ಹೆಸರೂ ಮರೆತಿದ್ದೇನೆ, ಅವನು ಅಂಟಿಸಿದ ಹುಚ್ಚು ಬಿಟ್ಟಿಲ್ಲ. ಗುಜರಿ ಹಡಗಿನ ಸಾಮಾನಿನಿಂದ ಮೊದಲ ಸೆಟ್ ಕಟ್ಟಿದಾಗ ಅದರಿಂದ ಹೊಗೆ ಬಂತು. ಎರಡನೆಯದರಿಂದ ನೀವು ಬಂದಿರಿ.

ತಲೆ ಕೆಡಿಸಿಕೊಳ್ಳಬೇಡಿ.

ಕ್ರೇನಣ್ಣ


20 ಫೆಬ್ರವರಿ 1996

ಕ್ರೇನಣ್ಣನವರಿಗೆ,

ನಿಮ್ಮ ಕಾಗದದಿಂದ ಎಷ್ಟೋ ಸಮಾಧಾನವಾಯಿತು. ನನ್ನ ತಪ್ಪನ್ನು ತಪ್ಪು ಎನ್ನದೆ ಮುಚ್ಚಿ ಮಾತಾಡಿದಿರಿ. ಆದರೆ ನಿಮ್ಮ ಮಾತು ಕೇಳಲಿಲ್ಲ. ಹೇಳಿಬಿಟ್ಟೆ.

ಬಣ್ಣದವರು ಎರಡನೆಯ ಕೋಟ್ ಹೊಡೆಯಲು ಬಂದಿದ್ದರು. ಕಾರ್ಬನ್ ಪ್ರತಿ ಮೇಜಿನ ಮೇಲಿಟ್ಟು, “ಈ ಪಟ್ಟಿ ಟೈಪ್ ಮಾಡಿದವಳು ನಾನು. ನಿಮ್ಮ ಹೆಸರು ಬಿಟ್ಟವಳೂ ನಾನೇ” ಎಂದೆ. ಅವರು ಹಾಳೆ ಮುಟ್ಟಲಿಲ್ಲ, ನಿಂತಲ್ಲಿಂದಲೇ ನೋಡಿದರು. ಆಮೇಲೆ ನಲ್ಲಿಯ ಹತ್ತಿರ ಹೋಗಿ ಕುಂಚಗಳನ್ನು ಒಂದೊಂದಾಗಿ ತೊಳೆದರು. ತುಂಬ ಹೊತ್ತು ತೊಳೆದರು. ಏಣಿಯನ್ನೂ ತೆಗೆಯದೆ ಹೊರಟುಹೋದರು.

ಮರುದಿನ ಅವರ ಹೆಂಡತಿ ಬಂದರು. ಬಟ್ಟೆ ಇಸ್ತ್ರಿ ಮಾಡುವ ಕೆಲಸ ಅವರದು, ಬಲಗೈಯ ಮಣಿಕಟ್ಟಿನ ಮೇಲೆ ಸುಟ್ಟ ಗೆರೆಗಳು. ಟೈಪ್ ಮಾಡುತ್ತಿದ್ದ ಹುಡುಗಿಯರೆಲ್ಲ ಕೈ ನಿಲ್ಲಿಸಿದರು. ಜಗಳವಾಡಲು ಬಂದಿದ್ದಾರೆಂದುಕೊಂಡೆ, ಆಡಿದ್ದರೆ ಚೆನ್ನಾಗಿತ್ತು.

“ಇಷ್ಟು ವರ್ಷ ಯಾರೋ ಗೊತ್ತಿಲ್ಲದವರು ಅಂತ ಅಂದ್ಕೊಂಡಿದ್ವಿ. ಮನಸ್ಸಿಗೆ ಅದೊಂಥರ ಹಗುರ. ಈಗ ಅದಕ್ಕೆ ಒಂದು ಮುಖ ಬಂತು ನೋಡಿ. ಇವರು ನಿನ್ನೆಯಿಂದ ಊಟ ಮಾಡಿಲ್ಲ” ಎಂದರು. ನಾನು ಕೂತ್ಕೊಳ್ಳಿ ಎಂದೆ. ಅವರು ಕೂರಲಿಲ್ಲ.

ಅಂದಿನಿಂದ ಸೆಟ್ ಆನ್ ಮಾಡಿಲ್ಲ. ಹದಿನೇಳರ ವಯಸ್ಸಿನಲ್ಲಿ ಚಿಕ್ಕಪ್ಪನ ರಿಪೇರಿ ಅಂಗಡಿಯಲ್ಲಿ ಮೊದಲ ಸಲ ಕೋಡ್ ಕೇಳಿದ್ದೆ. ಚಿಕ್ಕಪ್ಪ “ಅದು ಗಲಾಟೆ, ಮುಳ್ಳು ತಿರುಗಿಸು” ಎಂದ. ನನಗೆ ಯಾರೋ ಬಾಗಿಲು ಬಡಿಯುತ್ತಿದ್ದಾರೆ ಎನಿಸಿತು. ಮದುವೆ ಮಾತಾಡಲು ಬಂದವರು, ಊರೂರಿನ ಗಂಡಸರ ಜೊತೆ ಹರಟುತ್ತಾಳಂತೆ ಎಂದು ಎದ್ದು ಹೋದಾಗ ಅಮ್ಮ ಅತ್ತಳು, ನಾನು ಮೇಲೆ ಹೋಗಿ ಹೆಡ್‌ಫೋನ್ ಹಾಕಿಕೊಂಡೆ. ಮೂವತ್ತೆಂಟು ವರ್ಷ ಬಾಗಿಲು ತೆರೆಯುವುದೇ ನನ್ನ ಕೆಲಸ ಎಂದುಕೊಂಡು ಬದುಕಿದೆ. ಒಬ್ಬರ ಮುಖಕ್ಕೆ ಅದನ್ನು ಮುಚ್ಚಿದ್ದು ಗೊತ್ತೇ ಆಗಲಿಲ್ಲ.

ಟೀಚರ್


9 ಮಾರ್ಚ್ 1996

ಟೀಚರಮ್ಮ,

ಮೂರು ವಾರದಿಂದ ದಿನಾ ಕರೆಯುತ್ತಿದ್ದೇನೆ. ನೀವಿಲ್ಲ. ದ್ವೀಪದ ದೀಪಸ್ತಂಭದವನು “ಟೀಚರ್ ಎಲ್ಲಿ?” ಎಂದು ಕೇಳುತ್ತಾನೆ, ಹುಷಾರಿಲ್ಲ ಎಂದಿದ್ದೇನೆ.

ಹೇಳಬೇಡಿ ಎಂದಿದ್ದೆ. ಹೇಳಿದಿರಿ. ಈಗ ಏನಾಯಿತು, ಎಲ್ಲರಿಗೂ ಊಟ ಸೇರದ ಹಾಗಾಯಿತು. ಆ ತಂದೆಗೆ ವಯಸ್ಸಾಗಿತ್ತು, ಬೇರೆ ಕಾಯಿಲೆಯೂ ಇದ್ದಿರಬಹುದು. ಎಲ್ಲವನ್ನೂ ಒಂದು ಹೆಸರಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಸೆಟ್ ಹಚ್ಚಿ. ಹತ್ತು ನಿಮಿಷ ಸಾಕು. ಹವಾಮಾನ ಮಾತಾಡೋಣ.

ಕ್ರೇನಣ್ಣ


6 ಏಪ್ರಿಲ್ 1996

ಮಾನ್ಯರೆ,

ನನ್ನ ಲೈಸೆನ್ಸ್ ಈ ತಿಂಗಳ ಕೊನೆಗೆ ಮುಗಿಯುತ್ತದೆ. ನವೀಕರಣದ ಅರ್ಜಿ ತುಂಬುವುದಿಲ್ಲ ಎಂದು ನಿರ್ಧರಿಸಿದ್ದೇನೆ. ಟ್ರಾನ್ಸ್‌ಮಿಟರ್, ರಿಸೀವರ್, ಕೋಡ್ ಬಡಿಯುವ ಕೀ, ಮೀಟರ್ ಎಲ್ಲವನ್ನೂ ಇಲ್ಲಿನ ಕಾಲೇಜಿನ ಭೌತಶಾಸ್ತ್ರ ವಿಭಾಗಕ್ಕೆ ಕೊಡುತ್ತೇನೆ. ಅವರು ಬೇಸಿಗೆ ರಜೆಯ ನಂತರ ಬಂದು ಒಯ್ಯುತ್ತಾರೆ. ನಮ್ಮ ಬೆಳಗಿನ ಬಳಗಕ್ಕೆ ನೀವೇ ತಿಳಿಸಿ. ಕಾರಣ ಹೇಳುವ ಅಗತ್ಯವಿಲ್ಲ.

ಬಂದ ಮಾತನ್ನು ಬಂದ ಹಾಗೆ ಬರೆದುಕೊಳ್ಳುವುದೊಂದೇ ನನಗೆ ಗೊತ್ತಿದ್ದ ವಿದ್ಯೆ. ಅದೇ ತಪ್ಪಿದ ಮೇಲೆ ಕೀ ಮುಟ್ಟುವ ಹಕ್ಕು ನನಗಿಲ್ಲ. ನೀವು ಇಷ್ಟು ವರ್ಷ ತೋರಿಸಿದ ವಿಶ್ವಾಸಕ್ಕೆ ಕೃತಜ್ಞಳು.

ಟೈಪಿಂಗ್ ಇನ್‌ಸ್ಟಿಟ್ಯೂಟಿನ ಶಿಕ್ಷಕಿ


11 ಏಪ್ರಿಲ್ 1996

ಟೀಚರಮ್ಮ,

ಅರ್ಜಿ ತುಂಬಿ ಕಳಿಸಿ. ಮೊದಲು ಅದು ಮಾಡಿ, ಆಮೇಲೆ ಮುಂದೆ ಓದಿ.

ನೀವು ಯಾವ ಹೆಸರನ್ನೂ ಬಿಟ್ಟಿಲ್ಲ. ಒಟ್ಟು 41 ಎಂದು ಮೊದಲೇ ಹೇಳಿದ್ದೆ, ನಾನು ಕಳಿಸಿದ್ದೇ ನಲವತ್ತು.

ಲಾಗ್ ಪುಸ್ತಕ ನೆನೆದಿರಲಿಲ್ಲ. ಬೀರುವಿನಲ್ಲಿ, ನನ್ನ ಹಳೆಯ ಕೆಲಸದ ಬಟ್ಟೆಗಳ ಕೆಳಗೆ ಇದೆ. ಆ ದಿನದ ಹಾಳೆ ಕಿತ್ತು ಇದರೊಳಗೆ ಇಟ್ಟಿದ್ದೇನೆ. ನನ್ನ ಕೈಬರಹವೇ. ‘40 ಹೆಸರು, 1 ಸ್ವಂತ.’

ಬಿರುಗಾಳಿ ನಿಂತ ಮರುದಿನ ಮಧ್ಯಾಹ್ನ ಮೂರು ಗಂಟೆ. ಶಾಲೆಯ ಮೇಷ್ಟ್ರು ಹಾಜರಿ ಪುಸ್ತಕದ ಹಾಳೆಯಲ್ಲಿ ಹೆಸರು ಬರೆದುಕೊಟ್ಟಿದ್ದರು. ಮುಂದಿನ ಪುಟದಲ್ಲಿ ನಲವತ್ತು, ಹಿಂದೆ ಒಂದೇ. ಬಣ್ಣದವರು ಕಟ್ಟಕಡೆಗೆ ಹೆಸರು ಕೊಟ್ಟವರು, ಅಲ್ಲಿಯವರೆಗೂ ಬೇರೆಯವರನ್ನು ಹೊತ್ತು ಮೆಟ್ಟಿಲು ಹತ್ತಿಸುತ್ತಿದ್ದರು. ನನ್ನ ಹತ್ತಿರ ಇದ್ದದ್ದು ಲಾರಿಯಿಂದ ಬಿಚ್ಚಿ ತಂದ ಒಂದು ಬ್ಯಾಟರಿ. ಮೂವತ್ತೈದನೆಯ ಹೆಸರಿಗೆ ಮೀಟರಿನ ಮುಳ್ಳು ಕೆಳಗೆ ಬಿತ್ತು. ನನ್ನ ಸಿಗ್ನಲ್ ಎಳೆಯುತ್ತಿದ್ದದ್ದು ನಿಮಗೂ ಕೇಳಿಸಿರುತ್ತದೆ.

ನಲವತ್ತಾದ ಮೇಲೆ ಹಾಳೆ ತಿರುಗಿಸಿದೆ. ಹೆಸರು ಕಂಡಿತು. ಓದಿದೆ. ಓದಲಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ. ಮೊದಲು ಮನೆಗೆ ಎರಡು ಮಾತು, ಆಮೇಲೆ ಇದು ಎಂದುಕೊಂಡೆ. ಕೈ ತಾನಾಗಿ ಹೋಯಿತು ಎಂದು ಇಲ್ಲಿ ಬರೆದಿದ್ದೆ, ಹೊಡೆದುಹಾಕಿದ್ದೇನೆ. ಕೈ ತಾನಾಗಿ ಹೋಗುವುದಿಲ್ಲ. ನನ್ನವಳಿಗೆ ಹೇಳಿ, ಕ್ಷೇಮ. ಅದು ಹೋಯಿತು. ಬಣ್ಣದವರ ಹೆಸರಿನ ಮೊದಲ ಅಕ್ಷರಕ್ಕೆ ಕೀ ಒತ್ತಿದಾಗ ಸೆಟ್ ಸತ್ತಿತ್ತು.

ಅವರು ಬಾಗಿಲ ಬಳಿ ಒದ್ದೆ ಗೋಣಿ ಹೊದ್ದು ನಿಂತಿದ್ದರು. “ಅಣ್ಣ, ನಂದೂ ಹೋಯ್ತಾ?” ಎಂದರು. ನಾನು “ಹೋಯ್ತು” ಎಂದೆ. “ಹಾಗಾದ್ರೆ ಅಪ್ಪಂಗೆ ಚಿಂತೆ ಇಲ್ಲ” ಎಂದು ಕೆಳಗೆ ಹೋಗಿ ಬಿದ್ದ ತೊಲೆಗಳನ್ನು ಎತ್ತುವವರ ಜೊತೆ ಸೇರಿದರು. ಆ ಒಂದು ಮಾತನ್ನು ನಂಬಿ ಅಷ್ಟು ದಿನ ಅಲ್ಲೇ ದುಡಿದರು. ಇಲ್ಲದಿದ್ದರೆ ನಡೆದುಕೊಂಡಾದರೂ ಮನೆ ಸೇರುತ್ತಿದ್ದರು.

ಮೂರನೆಯ ದಿನ ಸರ್ಕಾರದ ವೈರ್‌ಲೆಸ್ ಸೆಟ್ ಬಂತು. ಆ ಆಪರೇಟರನ ಪಕ್ಕದಲ್ಲೇ ಕೂತು ಟೀ ಕುಡಿದೆ. ಒಂದು ಹೆಸರು ಬಾಕಿ ಇದೆ ಎನ್ನಬಹುದಿತ್ತು. ಯಾಕೆ ಬಾಕಿ ಉಳಿಯಿತು ಎಂದು ಅವನು ಕೇಳುತ್ತಾನೆ, ಬಾಗಿಲ ಬಳಿ ಬಣ್ಣದವರು ಇರುತ್ತಾರೆ. ಅದಕ್ಕೆ ಬಾಯಿ ಮುಚ್ಚಿಕೊಂಡೆ. ಬ್ಯಾಟರಿ ಸತ್ತದ್ದು ನನ್ನ ಕೈಯಲ್ಲಿರಲಿಲ್ಲ. ಇದು ಇತ್ತು.

ಗೇಟ್‌ಮನ್ ತೀರಿಕೊಂಡದ್ದು ನಿಮ್ಮ ಜನವರಿಯ ಕಾಗದದಿಂದಲೇ ತಿಳಿಯಿತು. ತಿಳಿದ ಮೇಲೂ ನಿಮ್ಮ ಹಾಳೆಯ ಮೇಲೆ ತಪ್ಪು ಹೊರಿಸಿ ಆ ಕಾಗದ ಬರೆದೆ. ನೀವು ಅದನ್ನು ಸಮಾಧಾನ ಎಂದಿರಿ.

ಬೆಳಿಗ್ಗೆ ಸೆಟ್ಟಿನ ಮುಂದೆ ಕೂರುತ್ತಿದ್ದೇನೆ. ಕರೆಯುವುದಿಲ್ಲ.

ಕ್ರೇನ್ ಮೆಕ್ಯಾನಿಕ್


30 ಮೇ 1996

ನಿಮ್ಮ ಕಾಗದ ಬಂದು ಏಳು ವಾರವಾಯಿತು. ನಾಲ್ಕು ಸಲ ಉತ್ತರ ಬರೆದು ಹರಿದೆ. ಒಂದರಲ್ಲಿ ಬರೀ ಬೈಗುಳ ಇತ್ತು. ಇನ್ನೊಂದರಲ್ಲಿ ಎಲ್ಲ ಮರೆತೆ ಎಂದು ಬರೆದಿದ್ದೆ. ಅದು ಸುಳ್ಳು.

ಮನೆಗೆ ಮೊದಲು ಹೇಳಿದ್ದಕ್ಕೆ ನಿಮ್ಮನ್ನು ಏನೂ ಅನ್ನಲಾರೆ. ಆ ಮಾತು ಒಯ್ದವಳು ನಾನು, ಅದು ಮುಟ್ಟಿದಾಗ ಒಂದು ಹೆಂಗಸಿನ ಮುಖ ಏನಾಯಿತು ಎಂದು ಕಂಡಿದ್ದೇನೆ. “ಹೋಯ್ತು” ಎಂದದ್ದು ಬೇರೆ. ಮೂರು ತಿಂಗಳು ನನ್ನನ್ನು ಸಂತೈಸಿದ್ದು ಇನ್ನೂ ಬೇರೆ.

ಆದರೆ ನಾನೂ ಒಂದು ಮುಚ್ಚಿಟ್ಟಿದ್ದೇನೆ. ನಿಮಗೂ ಹೇಳಿಲ್ಲ, ಬಣ್ಣದವರಿಗೂ ಹೇಳಿಲ್ಲ.

ಪಟ್ಟಿಯ ಒಂದು ಪ್ರತಿಯನ್ನು ನಮ್ಮ ಮೆಟ್ಟಿಲ ತಲೆಯ ಗೋಡೆಗೂ ಅಂಟಿಸಿದ್ದೆ. ಮೂರನೆಯ ದಿನ ಒಬ್ಬ ಅಜ್ಜ ಬಂದರು. ಓದಲು ಬರುವುದಿಲ್ಲ, ಓದಿ ಹೇಳು ತಾಯಿ ಎಂದರು. ಮೊದಲಿನಿಂದ ಕೊನೆಯವರೆಗೆ ಓದಿದೆ. ಇನ್ನೊಮ್ಮೆ ಎಂದರು, ಓದಿದೆ. ಒಳಗೆ ಹೆಡ್‌ಫೋನಿನಲ್ಲಿ ಯಾರೋ ಕರೆಯುತ್ತಿದ್ದರು, ಎರಡು ದಿನದಿಂದ ನನಗೂ ನಿದ್ದೆ ಇರಲಿಲ್ಲ. ಅವರು ಮೂರನೆಯ ಸಲ ಕೇಳಿದಾಗ ನಾನು, “ಪಟ್ಟಿಯಲ್ಲಿ ಇಲ್ಲ ಅಂದ್ರೆ ಇಲ್ಲ ಅಜ್ಜ. ಇಲ್ಲದ್ದನ್ನ ನಾನು ಹುಟ್ಟಿಸೋಕಾಗತ್ತಾ?” ಎಂದೆ.

“ಸರಿ ತಾಯಿ” ಎಂದರು. ಗೋಡೆ ಹಿಡಿದುಕೊಂಡು ಇಳಿದು ಹೋದರು. ಅವರ ತಲೆಯ ಮೇಲೇ ಆ ಹಾಳೆಯಲ್ಲಿ ‘ಒಟ್ಟು 41’ ಎಂದಿತ್ತು. ಎಣಿಸಿದ್ದರೆ, ಒಂದು ಹೆಸರು ಬರಬೇಕಾಗಿದೆ ಅಜ್ಜ, ಕಾಯೋಣ ಎನ್ನಬಹುದಿತ್ತು. ಬಣ್ಣದವರು ತಂದೆಯ ಕೆಲಸ ಹೇಳಿದ ಕೂಡಲೇ ನನಗೆ ಗುರುತು ಸಿಕ್ಕಿತು, ಆ ಅಜ್ಜ ಗೇಟ್‌ಮನ್‌ನ ಹಳೆಯ ನೀಲಿ ಕೋಟು ಹಾಕಿಕೊಂಡೇ ಬಂದಿದ್ದರು. ಟೈಪಿಂಗಿನ ತಪ್ಪನ್ನು ಒಪ್ಪಿಕೊಂಡ ಹೆಮ್ಮೆಯಲ್ಲಿ ನಾನು ಇದನ್ನು ನುಂಗಿಕೊಂಡೆ. ಮಾಡದ ತಪ್ಪು ಹೇಳುವುದು ಸುಲಭವಿತ್ತು.

ನನ್ನದನ್ನು ನಾನು ಹೋಗಿ ಹೇಳುತ್ತೇನೆ. ನಿಮ್ಮದನ್ನು ನಾನು ಹೇಳುವುದಿಲ್ಲ. ಲಾಗಿನ ಹಾಳೆ ಇದರೊಳಗೆ ವಾಪಸ್ ಇಟ್ಟಿದ್ದೇನೆ. ವಿಳಾಸ ಅದರ ಬೆನ್ನಿಗೆ ಬರೆದಿದ್ದೇನೆ, ಬಸ್ ಡಿಪೋದ ಹಿಂದಿನ ಬೀದಿ.

ಟೀಚರ್


24 ಜೂನ್ 1996

ಟೀಚರಮ್ಮನವರಿಗೆ,

ಹೋಗಿ ಬಂದೆ.

ಹೊರಡುವ ಹಿಂದಿನ ದಿನ ಮನೆಯವಳ ಮುಂದೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಲಿಲ್ಲ, ಮುಖ ಎತ್ತಲಿಲ್ಲ. “ನನಗೆ ಮೊದಲು ಹೇಳಿ ಅಂತ ನಾನು ಕೇಳಿದ್ನಾ?” ಎಂದಳು. ಇನ್ನೊಂದು ಹಿಡಿ ಅಕ್ಕಿ ಮೊರಕ್ಕೆ ಸುರಿದು, “ಕೇಳ್ತಿದ್ದೆ. ಬದುಕಿದ್ದೀರೋ ಇಲ್ವೋ ಅಂತ ಅಲ್ಲಿ ಕೂತು ಕೇಳ್ತಾನೇ ಇದ್ದೆ” ಎಂದಳು. ಬೆಳಿಗ್ಗೆ ನನಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಂತಿದ್ದಳು. “ನಡೀರಿ. ಆ ಸುದ್ದಿ ತಗೊಂಡವಳು ನಾನು.”

ಎರಡು ಕೋಣೆಯ ಮನೆ. ಮುಂದಿನ ಕೋಣೆಯ ತುಂಬ ಇಸ್ತ್ರಿಯ ಬಟ್ಟೆ, ಕಿಟಕಿಯಲ್ಲಿ ಬಣ್ಣದ ಡಬ್ಬಿಗಳು. ಅವರು ನೋಡಿದ ಕೂಡಲೇ ಗುರುತು ಹಿಡಿದರು. “ಬನ್ನಿ ಕ್ರೇನಣ್ಣ” ಎಂದು ಕುರ್ಚಿಯ ಮೇಲಿನ ಬಟ್ಟೆ ತೆಗೆದರು. ನಾನು ಕೂರಲಿಲ್ಲ. ನಿಂತೇ ಹೇಳಿದೆ, ಹಾಳೆ ಮೇಜಿನ ಮೇಲಿಟ್ಟೆ. ಬಸ್ಸಿನಲ್ಲಿ ಆರು ಗಂಟೆ ಜೋಡಿಸಿಕೊಂಡ ಮಾತು ಎರಡು ನಿಮಿಷದಲ್ಲಿ ಮುಗಿಯಿತು.

ಆಮೇಲೆ ಅವರ ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಕೇಳಿದರು.

“ಒಂದು ಹೆಸರು ಕಳಿಸೋಕೆ ಎಷ್ಟು ಹೊತ್ತು ಬೇಕು?”

“ಹತ್ತು ಸೆಕೆಂಡ್.”

“ತೋರಿಸಿ.”

ಅವರು ಮೇಜಿನ ಮೇಲಿದ್ದ ಷರಟು ಸರಿಸಿದರು. “ಇವರ ಹೆಸರು ಕಳಿಸಿ ತೋರಿಸಿ” ಎಂದರು.

ಬೆರಳ ಗೆಣ್ಣಿನಿಂದ ಮೇಜಿನ ಮೇಲೆ ಬಡಿದೆ. ನಲವತ್ತು ವರ್ಷ ದಾಟಿತು ನನ್ನ ಕೈಗೆ ಕೋಡ್ ಬಂದು, ಆದರೂ ಮೂರನೆಯ ಅಕ್ಷರಕ್ಕೆ ತಪ್ಪಿತು, ಮತ್ತೆ ಮೊದಲಿನಿಂದ ಬಡಿದೆ. ಬಣ್ಣದವರು ನೆಲ ನೋಡುತ್ತಿದ್ದರು. ಮುಗಿಯಿತು.

“ಇಷ್ಟೇನಾ?” ಎಂದರು ಆಕೆ.

“ಇಷ್ಟೇ” ಎಂದೆ.

ಆಕೆ ಒಳಗೆ ಹೋದರು. ನನ್ನವಳು ಹಿಂದೆಯೇ ಹೋದಳು. ಒಳಗೆ ಏನು ಮಾತಾಯಿತೋ ನನಗೆ ಇಂದಿಗೂ ಹೇಳಿಲ್ಲ. ಅಳುವುದು ಒಂದು ದನಿಯಲ್ಲಿ ಕೇಳಿಸಿತು, ಯಾರದೆಂದು ತಿಳಿಯಲಿಲ್ಲ.

ಹೊರಗೆ ನಾವಿಬ್ಬರೇ. ಅವರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಕೊನೆಗೆ, “ನಾನಾಗಿದ್ರೂ ಮೊದಲು ಮನೆಗೇ ಹೇಳ್ತಿದ್ನೋ ಏನೋ. ಅದಕ್ಕೆ ಬೈಯೋಕೆ ಬಾಯಿ ಬರ್ತಿಲ್ಲ. ಆದ್ರೆ ಹೋಯ್ತು ಅಂದ್ರಲ್ಲ ಅಣ್ಣ. ಹೋಗಿಲ್ಲ ಅಂದಿದ್ರೆ ನಾನು ಅವತ್ತೇ ಹೊರಡ್ತಿದ್ದೆ. ಇದೊಂದನ್ನ ಹೊಟ್ಟೆಯಲ್ಲಿ ಹಾಕ್ಕೊಳ್ಳೋಕೆ ಆಗಲ್ಲ, ನೀವು ಬೇಜಾರು ಮಾಡ್ಕೋಬೇಡಿ” ಎಂದರು. ಬೇಜಾರು ಮಾಡ್ಕೋಬೇಡಿ ಎಂದು ನನಗೆ ಹೇಳಿದರು, ಟೀಚರಮ್ಮ.

ನೀವು ಹಿಂದಿನ ವಾರ ಬಂದು ಅಜ್ಜನ ವಿಷಯ ಹೇಳಿ ಹೋದದ್ದನ್ನೂ ಹೇಳಿದರು. “ಅಪ್ಪಂಗೆ ಒಂದೇ ಮಾತನ್ನ ಹತ್ತು ಸಲ ಕೇಳೋ ಚಾಳಿ. ನಾವೂ ರೇಗ್ತಿದ್ವಿ” ಎಂದರು.

ಹಾಳೆಯನ್ನು ಅವರೇ ಇಟ್ಟುಕೊಂಡರು. ಬಾಗಿಲವರೆಗೆ ಬಂದರು, ಹೋಗಿ ಬನ್ನಿ ಎನ್ನಲಿಲ್ಲ.

ನಿಮ್ಮ ಬೀದಿಗೂ ಬಂದಿದ್ದೆ. ಸೈಕಲ್ ಅಂಗಡಿಯವನು “ಮೇಲಿದ್ದಾರೆ, ಹೋಗಿ” ಎಂದ. ಮೇಲಿನಿಂದ ಟೈಪ್‌ರೈಟರುಗಳ ಸದ್ದು ಬರುತ್ತಿತ್ತು. ಇಪ್ಪತ್ತಾರು ವರ್ಷ ಮಾತಾಡಿ ಮುಖ ನೋಡದವರು, ಮೊದಲ ಸಲ ಈ ಮುಖ ತೋರಿಸಬೇಕೇ ಎನಿಸಿತು. ಮನೆಯವಳು ನನ್ನ ತೋಳು ಹಿಡಿದು ಬಸ್ಸಿನ ಕಡೆ ತಿರುಗಿಸಿದಳು.

ನಾಳೆಯಿಂದ ಬೆಳಿಗ್ಗೆ ಮತ್ತೆ ಕರೆಯುತ್ತೇನೆ. ಉತ್ತರ ಕೊಡಲೇಬೇಕೆಂದಿಲ್ಲ.

ಕ್ರೇನಣ್ಣ


21 ಜುಲೈ 1996

ಕ್ರೇನಣ್ಣನವರಿಗೆ,

ನೀವು ಮೆಟ್ಟಿಲು ಹತ್ತದೆ ಹೋದದ್ದೇ ಒಳ್ಳೆಯದಾಯಿತು. ಅವತ್ತು ಹತ್ತಿದ್ದರೆ ನಾನು ಏನೆನ್ನುತ್ತಿದ್ದೆನೋ. ಅಂದ ಮೇಲೆ ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲವಲ್ಲ.

ಕಾಲೇಜಿನವರು ಕಳೆದ ವಾರ ಬಂದಿದ್ದರು. ಹಳೆಯ ಮೀಟರುಗಳನ್ನು ಕೊಟ್ಟು ಕಳಿಸಿದೆ. ಸೆಟ್ ಕೊಡಲಿಲ್ಲ. ಲೈಸೆನ್ಸಿನ ಅರ್ಜಿ ತಡವಾಗಿ ಕಳಿಸಿದ್ದೇನೆ, ಅದು ಬರುವವರೆಗೆ ಕೇಳಬಹುದು, ಕಳಿಸುವ ಹಾಗಿಲ್ಲ. ಹಾಗೆಂದು ನಿಮಗೆ ಕಾರಣ ಹೇಳಬಹುದಿತ್ತು. ನಿಜ ಹೇಳಬೇಕೆಂದರೆ, ಲೈಸೆನ್ಸ್ ಕೈಗೆ ಬಂದರೂ ಕೀ ಮೇಲೆ ಬೆರಳು ಇಡಲು ಆಗುತ್ತದೋ ಇಲ್ಲವೋ ಗೊತ್ತಿಲ್ಲ.

ನಿನ್ನೆ ಬೆಳಿಗ್ಗೆ ಬಣ್ಣದವರು ಬಂದರು. ಬೇರೊಂದು ಕಡೆ ಕೆಲಸ ಸಿಕ್ಕಿದೆಯಂತೆ, ಏಣಿ ಬೇಕಾಗಿತ್ತು. ಆರೂವರೆ. ನಾನು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಬಾಗಿಲಲ್ಲಿ ನಿಂತು ನೋಡಿದರು. ಒಳಗೆ ಬಂದರು.

“ನಾನು ಕೇಳಬಹುದಾ?” ಎಂದರು.

ತೆಗೆದು ಕೊಟ್ಟೆ. ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತರು. ಹೆಡ್‌ಫೋನಿನ ಸದ್ದು ಹೊರಗೂ ಸಣ್ಣಗೆ ಬರುತ್ತಿತ್ತು. ನಿಮ್ಮ ಕೈಯನ್ನು ನೂರು ಜನರ ನಡುವೆಯೂ ಗುರುತು ಹಿಡಿಯುತ್ತೇನೆ.

“ಇದು ಆ ಕ್ರೇನಣ್ಣನಾ?”

“ಹೌದು.”

“ಏನಂತಾರೆ?”

“ನನ್ನನ್ನ ಕರೀತಿದ್ದಾರೆ. ಕೇಳಿಸ್ತಿದೆಯಾ ಅಂತ.”

“ದಿನಾ ಕರೀತಾರಾ?”

“ದಿನಾ.”

“ನೀವು ಏನಂತೀರಿ?”

ಏನೂ ಹೇಳುವುದಿಲ್ಲ ಎಂದೆ. ಅವರು ಇನ್ನೂ ಸ್ವಲ್ಪ ಹೊತ್ತು ಕೇಳಿದರು. ನೀವು ನಿಲ್ಲಿಸಿ, ಕಾದು, ಮತ್ತೆ ಶುರು ಮಾಡಿದಿರಿ. ಹೆಡ್‌ಫೋನನ್ನು ತೆಗೆದು ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

“ಅವರ ಮೇಲೆ ನನಗೆ ಸಿಟ್ಟಿದೆ ಮೇಡಂ. ಅದು ನನ್ನ ಪಾಡು. ಆದ್ರೆ ಕೇಳಿಸ್ತಿದೆ ಅಂತಾದ್ರೂ ಹೇಳಿ. ಇಲ್ಲಾಂದ್ರೆ ಆ ಕಡೆ ಇರೋರಿಗೆ ಹೇಗೆ ಗೊತ್ತಾಗತ್ತೆ.”

ಏಣಿ ಹೆಗಲಿಗೆ ಹಾಕಿಕೊಂಡು ಇಳಿದು ಹೋದರು.

ಹೇಳಲು ನನ್ನ ಹತ್ತಿರ ಬೇರೆ ಮಾತು ಇನ್ನೂ ಹುಟ್ಟಿಲ್ಲ. ಮುಂದೆ ಹುಟ್ಟಿದರೆ ನೋಡೋಣ. ಸದ್ಯಕ್ಕೆ ಇದನ್ನು ಅಂಚೆಗೆ ಹಾಕುತ್ತಿದ್ದೇನೆ.

ಕೇಳಿಸುತ್ತಿದೆ.

ಟೀಚರ್